ಹೆಸರು ಗೊತ್ತಾಗುವ ಮೊದಲೇ ಲೆಕ್ಕ

ಸಂಕ್ರಾಂತಿ ಹೊತ್ತಿಗೆ ಚುಂಚನಕಟ್ಟೆಯಲ್ಲಿ ದನಗಳ ಜಾತ್ರೆ. ಚಳಿ, ಧೂಳು, ಜನವೋ ಜನ. ಜಾತ್ರೆ ಮುಗಿದ ವಾರಕ್ಕೆ ಒಂದೇ ಬೀದಿಯ ನಾಲ್ಕು ಮನೆಯಲ್ಲಿ ಜ್ವರ, ಕೆಮ್ಮು ಅಂದುಕೊಳ್ಳಿ. ಯಾವ ವೈರಸ್ಸು? ಗೊತ್ತಿಲ್ಲ. ಆದ್ರೂ ಲೆಕ್ಕ ಶುರು.

ಆರೋಗ್ಯ ಕಾರ್ಯಕರ್ತೆ ಲಕ್ಷಣ ನೋಡಿ ಬರೆಯೋದು ಎಸ್ ಫಾರಂ. ಡಾಕ್ಟರ ಅಂದಾಜು ಪಿ ಫಾರಂ. ಲ್ಯಾಬ್ ಖಚಿತಪಡಿಸಿದ್ರೆ ಎಲ್ ಫಾರಂ.

38 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಜ್ವರ, ಜೊತೆಗೆ ಕೆಮ್ಮು, ಶುರುವಾಗಿ 10 ದಿನದೊಳಗೆ: ಇದು ಐಎಲ್‌ಐ, ಫ್ಲೂ ತರದ ಕಾಯಿಲೆ. ಅದೇ ರೋಗಿ ಆಸ್ಪತ್ರೆಗೆ ಅಡ್ಮಿಟ್ ಆಗಬೇಕಾಯ್ತಾ? ಆಗ 'ಸಾರಿ', ಅಂದ್ರೆ ತೀವ್ರ ಉಸಿರಾಟದ ಸೋಂಕು. ಜ್ವರ ಯಾವತ್ತು ಬಂತು ಅಂತ ಆಶಾ ಅಕ್ಕ ಅಷ್ಟು ಕೆದಕಿ ಕೇಳೋದು ಆ 10 ದಿನದ ಲೆಕ್ಕಕ್ಕೇ.

2020ರ ಕೊರೊನಾ ಬುಲೆಟಿನ್ ನೆನಪಿದೆಯಾ? ಪ್ರತಿ ರೋಗಿಗೂ 'ಪಿ' ಅಂತ ಶುರುವಾಗೋ ನಂಬರ್, ಪಕ್ಕದಲ್ಲಿ ಐಎಲ್‌ಐ, ಸಾರಿ, ಇಲ್ಲಾ ಇಂಥವರ ಸಂಪರ್ಕ. ನಮ್ಮ ಮೈಸೂರು ಜಿಲ್ಲೆಯಲ್ಲೇ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಸೋಂಕು ಹಬ್ಬಿದಾಗ ಅದು 'ನಂಜನಗೂಡು ಕ್ಲಸ್ಟರ್' ಆಯ್ತು. ಸಂಪರ್ಕ ಹುಡುಕೋರಿಗೆ ಊರು ಬೇಕು, ಒಪ್ಪೋಣ. ಆದ್ರೆ ರೋಗಕ್ಕೇ ಊರಿನ, ಪ್ರಾಣಿಯ ಹೆಸರಿಡಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿತ್ತು. ನಾವಿನ್ನೂ 'ಹಂದಿ ಜ್ವರ' ಬಿಟ್ಟಿಲ್ಲ, ಬಿಡಿ.

2025ರ ಜನವರಿಯಲ್ಲಿ ಬೆಂಗಳೂರಿನ ಎರಡು ಕೂಸುಗಳಲ್ಲಿ ಎಚ್‌ಎಂಪಿವಿ ಸಿಕ್ತು. ಟಿವಿ ತುಂಬ ಗಾಬರಿ. ಅದು 2001ರಲ್ಲೇ ಗುರುತಾದ ಹಳೇ ವೈರಸ್ಸು. ಸಿಕ್ಕಿದ್ದೂ ಉಸಿರಾಟದ ಕಾಯಿಲೆಗಳ ಎಂದಿನ ಕಣ್ಗಾವಲಿನಲ್ಲೇ.