ಬೌದ್ಧಸಂಘದಲ್ಲಿ ಪವಾರಣೆ

ಬುದ್ಧ, ಧರ್ಮ, ಸಂಘ ಎಂಬ ಮೂರು ಶರಣುಗಳಲ್ಲಿ ಕಡೆಯದಾದ ಸಂಘದ ಅಗತ್ಯವೇನು? ತನ್ನ ಉಸಿರನ್ನೂ ನಡೆನುಡಿಗಳನ್ನೂ ಮನದ ವ್ಯಾಪಾರಗಳನ್ನೂ ಎಚ್ಚರದಿಂದ ಕಂಡುಕೊಳ್ಳುವುದು ಬೌದ್ಧಸಾಧನೆಯ ತಿರುಳು. ಈ ಎಚ್ಚರಕ್ಕೆ ಪಾಲಿಯಲ್ಲಿ ‘ಸತಿ’ ಎಂದೂ ಸಂಸ್ಕೃತದಲ್ಲಿ ‘ಸ್ಮೃತಿ’ ಎಂದೂ ಹೆಸರು. ಇಂತಹ ಸಾಧನೆಗೆ ಏಕಾಂತವೇ ಸಾಲದೆ, ಹತ್ತು ಜನರ ಸಹವಾಸ ವಿಘ್ನವಲ್ಲವೆ ಎಂಬ ಸಂದೇಹ ಸಹಜವಾದುದು. ವಿನಯಪಿಟಕದ ಮಹಾವಗ್ಗದಲ್ಲಿ ಬರುವ ಒಂದು ಪ್ರಸಂಗ ಇದಕ್ಕೆ ಉತ್ತರವೀಯುತ್ತದೆ.

ಕೋಸಲದೇಶದಲ್ಲಿ ಸ್ನೇಹಿತರಾದ ಕೆಲವು ಭಿಕ್ಷುಗಳು ಒಂದೆಡೆ ವರ್ಷಾವಾಸಕ್ಕೆ ನಿಂತರು. ಮನಸ್ತಾಪಕ್ಕೆ ಎಡೆಯಾಗದಿರಲೆಂದು, ಮೂರು ತಿಂಗಳೂ ಒಬ್ಬರೊಡನೊಬ್ಬರು ಮಾತನಾಡಬಾರದೆಂದು ಕಟ್ಟುಮಾಡಿಕೊಂಡರು. ಭಿಕ್ಷೆಯಿಂದ ಮೊದಲು ಮರಳಿದವನು ಆಸನ ಹಾಸಿ ನೀರಿಡುವನು. ಕೊನೆಗೆ ಬಂದವನು ಉಂಡ ಎಡೆಯನ್ನು ಗುಡಿಸುವನು. ಬರಿದಾದ ಕೊಡವನ್ನು ಕಂಡವನು ತುಂಬುವನು. ತನ್ನೊಬ್ಬನಿಂದ ಆಗದಿದ್ದರೆ ಕೈಸನ್ನೆಯಿಂದ ಇನ್ನೊಬ್ಬನನ್ನು ಕರೆಯುವನು. ಮಳೆಗಾಲ ಕಳೆದ ಮೇಲೆ ಅವರು ಶ್ರಾವಸ್ತಿಯ ಜೇತವನಕ್ಕೆ ಹೋಗಿ, ಕಲಹವಿಲ್ಲದೆ ಸುಖವಾಗಿದ್ದೆವೆಂದು ಬುದ್ಧನಲ್ಲಿ ಅರಿಕೆಮಾಡಿದರು. ಬುದ್ಧನು ಮೆಚ್ಚಲಿಲ್ಲ. ಅದು ಪಶುಗಳು ಕೂಡಿ ಬಾಳಿದಂತಾಯಿತೆಂದು ಖಂಡಿಸಿ, ಮೂಕವ್ರತವನ್ನು ನಿಷೇಧಿಸಿ, ವರ್ಷಾವಾಸದ ಕೊನೆಯಲ್ಲಿ ‘ಪವಾರಣೆ’ಯನ್ನು ನಡೆಸಬೇಕೆಂದು ವಿಧಿಸಿದನು.

ಪವಾರಣೆಯೆಂದರೆ ಆಹ್ವಾನ. ಸಾಮಾನ್ಯವಾಗಿ ಆಶ್ವಯುಜದ ಹುಣ್ಣಿಮೆಯಂದು, ಎಂದರೆ ನಮ್ಮ ನಾಡಿನ ಶೀಗೀಹುಣ್ಣಿಮೆಯ ದಿನ, ಭಿಕ್ಷುಗಳೆಲ್ಲರೂ ಸೇರುವರು. ಹಿರಿಯ ಸ್ಥವಿರನೇ ಮೊದಲು ಕುಕ್ಕುರುಗಾಲಿನಲ್ಲಿ ಕುಳಿತು, ಕೈಮುಗಿದು, ತನ್ನಲ್ಲಿ ಕಂಡ, ಕೇಳಿದ ಅಥವಾ ಶಂಕಿಸಿದ ದೋಷವಿದ್ದರೆ ಕರುಣೆಯಿಂದ ತಿಳಿಸಬೇಕೆಂದೂ, ತಿಳಿದೊಡನೆ ತಿದ್ದಿಕೊಳ್ಳುವೆನೆಂದೂ ಮೂರು ಸಲ ಬೇಡುವನು. ಬಳಿಕ ಕಿರಿಯರು ಅನುಕ್ರಮವಾಗಿ ಹಾಗೆಯೇ ಬೇಡುವರು. ಶ್ರಾವಸ್ತಿಯ ಪೂರ್ವಾರಾಮದಲ್ಲಿ ಸ್ವತಃ ಬುದ್ಧನೇ, ತನ್ನ ನಡೆಯಲ್ಲಾಗಲಿ ನುಡಿಯಲ್ಲಾಗಲಿ ನಿಂದ್ಯವಾದುದುಂಟೆ ಎಂದು ಭಿಕ್ಷುಗಳನ್ನು ಕೇಳಿದನೆಂದು ಸಂಯುತ್ತನಿಕಾಯ ಹೇಳುತ್ತದೆ.

ತಪ್ಪು ತೋರುವವನಿಗೂ ಕಟ್ಟಳೆಯುಂಟು. ಸಕಾಲದಲ್ಲಿ, ಸತ್ಯವಾಗಿ, ಮೃದುವಾಗಿ, ಹಿತವಾಗುವಂತೆ, ಮೈತ್ರಿಯಿಂದ ನುಡಿಯುವೆನೆಂದು ಅವನು ಮೊದಲು ನಿಶ್ಚಯಿಸಿಕೊಳ್ಳಬೇಕು. ಇಲ್ಲವಾದರೆ ತಿದ್ದುವಿಕೆ ನಿಂದೆಯಾಗಿ ಪರಿಣಮಿಸುತ್ತದೆ.

ಹಾಗಾದರೆ ಮೌನವೇ ದೋಷವೆ? ಅಲ್ಲ. ಗೋಸಿಂಗ ಸಾಲವನದಲ್ಲಿ ಅನುರುದ್ಧ, ನಂದಿಯ, ಕಿಂಬಿಲರೂ ಇದೇ ಬಗೆಯಲ್ಲಿ ಆಸನ ಹಾಸುತ್ತ, ಕೊಡ ತುಂಬುತ್ತ, ಕೈಸನ್ನೆಯಿಂದ ವ್ಯವಹರಿಸುತ್ತ ಬಾಳುತ್ತಿದ್ದರೆಂದು ಮಜ್ಝಿಮನಿಕಾಯದಲ್ಲಿದೆ. ಬುದ್ಧನು ಅವರನ್ನು ಕೊಂಡಾಡಿದನು. ಅವರು ಒಬ್ಬರನ್ನೊಬ್ಬರು ಪ್ರೀತಿಯ ಕಣ್ಣಿನಿಂದ ಕಾಣುತ್ತಿದ್ದರು. ಐದು ದಿನಗಳಿಗೊಮ್ಮೆ ಇರುಳೆಲ್ಲ ಕುಳಿತು ಧರ್ಮವಿಚಾರ ಮಾಡುತ್ತಿದ್ದರು. ಹೊರಗಣ ಮೌನ ಎರಡೆಡೆಯೂ ಒಂದೇ. ಕೋಸಲದವರ ಮೌನ ಮನಸ್ತಾಪಕ್ಕೆ ಅಂಜಿದ ಮೌನ. ಇವರದು ಮಾತಿಗೆ ಬಾಗಿಲು ತೆರೆದಿಟ್ಟ ಮೌನ.

ತನ್ನ ಬೆನ್ನು ತನಗೆ ಕಾಣದೆಂಬುದು ಲೋಕೋಕ್ತಿ. ಸಾಧಕನು ಎಷ್ಟೇ ಎಚ್ಚರದಿಂದಿದ್ದರೂ ಅವನ ದೃಷ್ಟಿಗೆ ಬೀಳದ ದೋಷಗಳು ಉಳಿದೇ ಉಳಿಯುತ್ತವೆ. ಅವನ್ನು ಕಾಣಬಲ್ಲವರು ಜೊತೆಯಲ್ಲಿ ಬಾಳುವವರು ಮಾತ್ರ. ಆದರೆ ಕೇಳದಿದ್ದರೆ ಅವರು ಹೇಳಲಾರರು. ಹಿರಿಯರು ಮೊದಲು ಕೇಳದಿದ್ದರೆ ಕಿರಿಯರಿಗೆ ಬಾಯಿ ಬಾರದು. ಕಲಹವಿಲ್ಲದಿದ್ದ ಮಾತ್ರಕ್ಕೆ ಸಂಘವಾಗದು. ತಿದ್ದುವ ಮೈತ್ರಿಯೂ ತಿದ್ದಿಸಿಕೊಳ್ಳುವ ವಿನಯವೂ ಕೂಡಿದೆಡೆಯಲ್ಲಿ ಅದು ಶರಣಾಗಲು ಯೋಗ್ಯವಾಗುತ್ತದೆ.