ಮೊಣಕಾಲಿನ ಗ್ರೀಸ್ ಮುಗಿಯುವುದಿಲ್ಲ

"ಮೊಣಕಾಲಾಗ ಗ್ರೀಸ್ ಮುಗದೈತ್ರಿ, ಇನ್ನ ಗುಡ್ಡ ಎಲ್ಲಿ ಹತ್ತೋದು?"

ಹೊಸಪೇಟೆಯಲ್ಲಿ ಐವತ್ತೈದು ದಾಟಿದವರನ್ನು ಮಾತಂಗ ಬೆಟ್ಟಕ್ಕೆ ಕರೆದು ನೋಡಿ, ಬಹುಪಾಲು ಬರುವ ಉತ್ತರ ಇದು. ಹೇಳುವವರು ಓದುಬರಹ ಬಾರದವರಲ್ಲ. ನಿವೃತ್ತ ಮೇಷ್ಟ್ರು, ಬ್ಯಾಂಕಿನಲ್ಲಿದ್ದವರು, ಅಣೆಕಟ್ಟಿನ ಕಚೇರಿಯಲ್ಲಿ ದುಡಿದವರು. ಕಾಲೇಜಿನ ದಿನಗಳಲ್ಲಿ ಮಾತಂಗ, ಅಂಜನಾದ್ರಿ, ಸಂಡೂರಿನ ಕಡೆಯ ರಾಮಗಡ ಎಲ್ಲವನ್ನೂ ಓಡೋಡಿ ಹತ್ತಿದವರು. ಮಕ್ಕಳು ಬೆಂಗಳೂರು ಸೇರಿದ್ದಾರೆ, ಪುರುಸೊತ್ತು ಸಿಕ್ಕಿದೆ, ಆಸೆಯೂ ಇದೆ. ತಡೆದು ಕೂರಿಸಿರುವುದು ಒಂದೇ ನಂಬಿಕೆ: ಹುಟ್ಟುವಾಗಲೇ ಮೊಣಕಾಲಿಗೆ ಇಷ್ಟು ಎಂದು ಎಣ್ಣೆ ತುಂಬಿರುತ್ತದೆ, ಏರಿದ ಪ್ರತಿ ಮೆಟ್ಟಿಲಿಗೂ ಅದು ಒಂದಿಷ್ಟು ಖರ್ಚಾಗುತ್ತದೆ, ಆದ್ದರಿಂದ ಉಳಿದದ್ದನ್ನು ಜೋಪಾನ ಮಾಡಿಕೊಂಡು ಕುರ್ಚಿಯಲ್ಲಿ ಕೂತಿರಬೇಕು.

ನಮ್ಮ ಭಾಗದಲ್ಲಿ ಇಷ್ಟೊಂದು ಜನರನ್ನು ಅಕಾಲದಲ್ಲಿ ಮುದುಕರನ್ನಾಗಿ ಮಾಡಿದ ನಂಬಿಕೆ ಇನ್ನೊಂದು ನನಗೆ ಕಂಡಿಲ್ಲ. ಅದು ಅರ್ಧ ಸರಿ ಅರ್ಧ ತಪ್ಪು ಅಲ್ಲ, ಬುಡದಿಂದಲೇ ತಪ್ಪು.

ಕೀಲಿನೊಳಗಿನ ದ್ರವವನ್ನು ಸುತ್ತಲಿನ ತೆಳು ಪೊರೆ ಸದಾ ಒಸರಿಸುತ್ತ, ಹಳೆಯದನ್ನು ಹೀರಿಕೊಳ್ಳುತ್ತ ಇರುತ್ತದೆ. ಆರೋಗ್ಯವಾಗಿರುವ ಮೊಣಕಾಲಿನಲ್ಲಿ ಅದು ಕೆಲವೇ ಮಿಲಿಲೀಟರ್. ಸಂಧಿವಾತದಿಂದ ಊದಿಕೊಂಡ ಮೊಣಕಾಲಿನಲ್ಲಿ ಅದು ಕಡಿಮೆಯಾಗಿರುವುದಿಲ್ಲ, ಹೆಚ್ಚಾಗಿರುತ್ತದೆ. ವೈದ್ಯರು ಸೂಜಿ ಹಾಕಿ ಹೊರಗೆಳೆಯುವ ನೀರು ಅದೇ. ತೆಳ್ಳಗಾಗಿ ಅದರ ಗುಣ ಬದಲಾಗಿರುತ್ತದೆ ಎಂಬುದು ನಿಜ. ಆದರೆ ಗುಡ್ಡ ಹತ್ತಿದ್ದರಿಂದ ಖಾಲಿಯಾಯಿತು ಎಂಬ ಮಾತಿಗೆ ಯಾವ ಆಧಾರವೂ ಇಲ್ಲ. ಮೂಳೆಯ ತುದಿಯನ್ನು ಹೊದ್ದಿರುವ ಮೃದ್ವಸ್ಥಿಗೆ ಸ್ವಂತ ರಕ್ತನಾಳವಿಲ್ಲ. ಕಾಲೂರಿದಾಗ ಅದು ಒತ್ತಿಕೊಳ್ಳುತ್ತದೆ, ಎತ್ತಿದಾಗ ಸಡಿಲವಾಗುತ್ತದೆ, ಹಾಗೆ ಒತ್ತುತ್ತ ಬಿಡುತ್ತ ಇರುವಾಗಲೇ ಆ ದ್ರವದಿಂದ ಆಹಾರ ಪಡೆಯುತ್ತದೆ. ಬೆನ್ನುಹುರಿಗೆ ಪೆಟ್ಟಾಗಿ ನಡೆಯಲಾಗದವರ ಮೊಣಕಾಲಿನಲ್ಲಿ ಮೃದ್ವಸ್ಥಿ ಒಂದೆರಡು ವರ್ಷಗಳಲ್ಲೇ ತೆಳುವಾಗುವುದನ್ನು ಎಂಆರ್‌ಐ ಚಿತ್ರಗಳು ತೋರಿಸಿವೆ. ಉಳಿಸಲೆಂದು ಕೂತವರು ಕಳೆದುಕೊಳ್ಳುತ್ತಿರುವುದು ಅದನ್ನೇ.

ಒಂದು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 2017ರಲ್ಲಿ ಪ್ರಕಟವಾಯಿತು. ಹವ್ಯಾಸಕ್ಕಾಗಿ ಓಡುವವರಲ್ಲಿ ಮೊಣಕಾಲು ಅಥವಾ ಸೊಂಟದ ಕೀಲಿನ ಸಂಧಿವಾತ ಕಂಡದ್ದು ಶೇ. 3.5 ಮಂದಿಗೆ, ಓಡದೆ ಕೂತವರಲ್ಲಿ ಶೇ. 10.2. ಸ್ಪರ್ಧೆಗಾಗಿ ಓಡುವವರಲ್ಲಿ ಮಾತ್ರ ಶೇ. 13.3. ಅತಿಗೆ ಹೋದರೆ ಅಪಾಯವಿದೆ, ಸರಿ. ವಾರಕ್ಕೆರಡು ಸಲ ಜೋಳದರಾಶಿ ಗುಡ್ಡ ಹತ್ತುವುದು ಯಾವ ಲೆಕ್ಕದಲ್ಲೂ ಅತಿಯಲ್ಲ.

ಹಾಗಾದರೆ ಮೊಣಕಾಲು ನಿಜಕ್ಕೂ ಹಾಳಾಗುವುದು ಯಾರಿಗೆ? ಹಳೆಯ ಪೆಟ್ಟು ಸರಿಯಾಗಿ ಮಾಯದವರಿಗೆ, ಮೈತೂಕ ಬಹಳ ಏರಿದವರಿಗೆ, ವರ್ಷಗಟ್ಟಲೆ ಭಾರ ಹೊತ್ತು ಕುಕ್ಕರಗಾಲಲ್ಲಿ ದುಡಿದವರಿಗೆ. ಸಂಡೂರಿನ ಸುತ್ತ ಕೈಯಿಂದಲೇ ಅದಿರು ಒಡೆದು ಬುಟ್ಟಿಯಲ್ಲಿ ಹೊತ್ತವರ ಮೊಣಕಾಲನ್ನು ಕೇಳಿ, ಕಂಪ್ಲಿಯ ಗದ್ದೆಗಳಲ್ಲಿ ದಿನವಿಡೀ ಬಗ್ಗಿ ನಾಟಿ ಹಾಕುವ ಹೆಂಗಸರ ಸೊಂಟವನ್ನು ಕೇಳಿ. ಅವರಿಗೆ "ಗ್ರೀಸ್ ಮುಗಿದೀತು, ಕೂತ್ಕೊಳ್ಳಿ" ಎಂದು ಯಾರೂ ಹೇಳಲಿಲ್ಲ. ಬರಿಗೈಯಲ್ಲಿ, ತನ್ನಿಷ್ಟದ ವೇಗದಲ್ಲಿ, ಬೇಕೆಂದಲ್ಲಿ ನಿಂತು ಗುಡ್ಡ ಏರುವವರಿಗೆ ಮಾತ್ರ ಎಲ್ಲರೂ ಹೇಳುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲಿಯೇ.

ಗ್ರೀಸ್ ಮುಗಿಯುತ್ತದೆ ಎಂದು ಒಪ್ಪಿಕೊಂಡವರಿಗೆ ಗ್ರೀಸ್ ತುಂಬುವವರು ಕಾಯ್ದೇ ಇರುತ್ತಾರೆ. ಮೊಣಕಾಲಿಗೆ ಹಾಕುವ ಹಯಲುರಾನಿಕ್ ಆಮ್ಲದ ಸೂಜಿಗೆ ಸಾವಿರಾರು ರೂಪಾಯಿ ತೆರುತ್ತಾರೆ. ಬ್ರಿಟನ್ನಿನ ನೈಸ್ ಸಂಸ್ಥೆ 2022ರಲ್ಲಿ ಹೊರಡಿಸಿದ ಸಂಧಿವಾತದ ಮಾರ್ಗಸೂಚಿ ಆ ಸೂಜಿಯನ್ನು ಕೊಡಬೇಡಿ ಎನ್ನುತ್ತದೆ, ಗ್ಲುಕೋಸಮೈನ್ ಮಾತ್ರೆಯನ್ನೂ ಕೊಡಬೇಡಿ ಎನ್ನುತ್ತದೆ. ಎಲ್ಲ ರೋಗಿಗಳಿಗೂ ಕೊಡಿ ಎಂದು ಅದು ಹೇಳುವುದು ವ್ಯಾಯಾಮವನ್ನು. ಮೈತೂಕ ಹೆಚ್ಚಿದ್ದವರಿಗೆ ತೂಕ ಇಳಿಸಲು ನೆರವನ್ನೂ. ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲೆ ಬೀಳುವ ಭಾರ ಸುಮಾರು ನಾಲ್ಕು ಕಿಲೋದಷ್ಟು ಇಳಿಯುತ್ತದೆ. ಇದಕ್ಕೆ ಯಾರ ಜಾಹೀರಾತೂ ಇಲ್ಲ.

ಎಕ್ಸ್-ರೇಯಲ್ಲಿ "ಸವೆತ" ಕಂಡಿತೆಂದು ಹಾಸಿಗೆ ಹಿಡಿಯಬೇಡಿ; ಚಿತ್ರದಲ್ಲಿ ಸವೆತವಿದ್ದೂ ನೋವಿಲ್ಲದವರು ಎಷ್ಟೋ ಮಂದಿ. ಮೊಣಕಾಲು ಲಟಲಟ ಎನ್ನುತ್ತದೆಯೇ? ನೋವು, ಊತ ಇಲ್ಲದಿದ್ದರೆ ಆ ಸದ್ದಿಗೆ ಹೆದರಬೇಕಾಗಿಲ್ಲ. ಹತ್ತಿದ ಎರಡನೆಯ ದಿನ ತೊಡೆ ಹಿಡಿದುಕೊಳ್ಳುವುದು ಲ್ಯಾಕ್ಟಿಕ್ ಆಮ್ಲ ಕೂತದ್ದರಿಂದಲ್ಲ, ಅದು ಒಂದೆರಡು ಗಂಟೆಯೊಳಗೇ ರಕ್ತದಿಂದ ಹೊರಟುಹೋಗಿರುತ್ತದೆ.

ಗ್ರೀಸಿನ ಹೆದರಿಕೆಗೆ ಎದುರಾದ ಇನ್ನೊಂದು ಭ್ರಮೆಯೂ ಇದೆ, ಅದೂ ಅಷ್ಟೇ ಅಪಾಯದ್ದು: "ನಾನು ಕಾಲೇಜಿನಲ್ಲಿ ಎನ್‌ಸಿಸಿ, ಮೈಗೆ ಎಲ್ಲ ನೆನಪಿದೆ." ಇಂಥವರು ಮೂವತ್ತು ವರ್ಷ ಬಿಟ್ಟು ಒಂದು ಭಾನುವಾರ ಅಂಜನಾದ್ರಿಯ 575 ಮೆಟ್ಟಿಲನ್ನು ಒಂದೇ ಉಸಿರಿಗೆ ಏರಹೊರಡುತ್ತಾರೆ. ಸ್ನಾಯು ಬೇಗ ಬಲಗೊಳ್ಳುತ್ತದೆ, ಅದರಲ್ಲಿ ಅನುಮಾನವಿಲ್ಲ. 1990ರಲ್ಲಿ ಬಾಸ್ಟನ್ನಿನ ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು 86ರಿಂದ 96 ವಯಸ್ಸಿನ ಹತ್ತು ಮಂದಿ ವೃದ್ಧಾಶ್ರಮವಾಸಿಗಳಿಗೆ ಎಂಟು ವಾರ ಭಾರದ ವ್ಯಾಯಾಮ ಮಾಡಿಸಿದರು. ಪೂರೈಸಿದ ಒಂಬತ್ತು ಮಂದಿಯ ಕಾಲಿನ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತು. ತೊಂಬತ್ತರಲ್ಲಿ ಆಗುವುದು ಅರವತ್ತರಲ್ಲಿ ಆಗದೇ? ಆದರೆ ಸ್ನಾಯುವನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜು ಹಾಗಲ್ಲ, ಅದು ಗಟ್ಟಿಯಾಗಲು ತಿಂಗಳುಗಳೇ ಬೇಕು. ಮೂರ್ನಾಲ್ಕು ವಾರಕ್ಕೆ ಕಾಲಲ್ಲಿ ಕಸುವು ಬಂತೆಂದು ದೂರ, ವೇಗ ಎರಡನ್ನೂ ಒಟ್ಟಿಗೆ ಏರಿಸಿದವರು ಹಿಮ್ಮಡಿಯ ಮೇಲೆ ನೋವು ಹಿಡಿದುಕೊಂಡು ಕೂರುತ್ತಾರೆ. ಆಮೇಲೆ "ನೋಡಿ, ನಾವು ಹೇಳಲಿಲ್ಲವೇ" ಎನ್ನಲು ಗ್ರೀಸಿನವರು ಸಿದ್ಧರಿರುತ್ತಾರೆ.

ಇಳಿಯುವುದು ಸುಲಭ ಎಂಬುದೂ ಸುಳ್ಳು. ಕೃತಕ ಮೊಣಕಾಲಿನೊಳಗೇ ಮಾಪಕ ಇಟ್ಟು ಅಳೆದಿದ್ದಾರೆ: ಸಮನೆಲದಲ್ಲಿ ನಡೆದರೆ ಮೈತೂಕದ ಸುಮಾರು 2.6 ಪಟ್ಟು ಭಾರ, ಮೆಟ್ಟಿಲೇರಿದರೆ 3.2, ಇಳಿದರೆ 3.5. ತೊಡೆಯ ಸ್ನಾಯು ಉದ್ದವಾಗುತ್ತಲೇ ಬಿಗಿಹಿಡಿಯಬೇಕಾಗುವುದು ಇಳಿಯುವಾಗ. ಎರಡನೆಯ ದಿನದ ನೋವಿನ ಮೂಲ ಅಲ್ಲಿದೆ. ಚಿಕ್ಕ ಹೆಜ್ಜೆ, ಕೈಯಲ್ಲೊಂದು ಕೋಲು, ನಡುನಡುವೆ ನಿಲ್ಲುವುದು, ಇಷ್ಟು ಬೇಕು. ಕೋಲು ಹಿಡಿಯಲು ನಾಚುವವರು ನಮ್ಮ ಕುರಿಗಾಹಿಗಳನ್ನು ನೋಡಲಿ.

ಹಾಗಾದರೆ ಎಲ್ಲಿಂದ ಶುರು ಮಾಡುವುದು? ಮೊದಲು ಹಂಪಿಯ ಹೇಮಕೂಟ. ಅದು ಗುಡ್ಡವೂ ಹೌದು, ಇಳಿಜಾರಾದ ಹಾಸುಬಂಡೆಯೂ ಹೌದು, ಎಲ್ಲಿ ಬೇಕಾದರೂ ತಿರುಗಿ ಬರಬಹುದು. ಕೆಲವು ವಾರ ಕಳೆದ ಮೇಲೆ ಮಾಲ್ಯವಂತ, ಆಮೇಲೆ ಮಾತಂಗ. ಸಂಡೂರಿನ ಕಡೆಯವರಿಗೆ ರಾಮಗಡದ ರಸ್ತೆಯಷ್ಟು ಒಳ್ಳೆಯ ಏರು ಬೇರೆ ಬೇಡ. ಸುಮಾರು 3,000 ಅಡಿ ಎತ್ತರದ ಆ ಬೆಟ್ಟದ ಮೇಲೆ ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರು ಕಾಯಿಲೆಯ ಸೈನಿಕರಿಗಾಗಿ ಆರೋಗ್ಯಧಾಮ ಕಟ್ಟಿದ್ದರು.

ಬೆಳಗಿನ ಜಾವ ಕತ್ತಲಲ್ಲೇ ಹೊರಟರೆ ಆರೋಗ್ಯಕ್ಕೆ ಉತ್ತಮ ಎನ್ನುವವರು ದರೋಜಿ ಕರಡಿಧಾಮ ಎಷ್ಟು ಹತ್ತಿರವಿದೆ ಎಂಬುದನ್ನು ಮರೆತಿದ್ದಾರೆ; ಬೆಳಕು ಹರಿದ ಮೇಲೆ ಹೊರಡಿ. ಬಾಯಾರಿದಾಗ ಕುಡಿದರಾಯಿತು ಎಂಬುದು ಯುವಕರಿಗೆ ಸರಿ, ವಯಸ್ಸಾದಂತೆ ಬಾಯಾರಿಕೆಯ ಅರಿವೇ ಮಂದವಾಗುತ್ತದೆ. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ ನುಂಗುವವರು ನಮ್ಮ ಏಪ್ರಿಲ್ ಬಿಸಿಲಲ್ಲಿ ಗುಡ್ಡದ ಹತ್ತಿರ ಸುಳಿಯಲೇಬಾರದು. ಏದುಸಿರು ಬಂದರೆ ಹೃದಯ ದುರ್ಬಲ ಎಂದರ್ಥವಲ್ಲ, ಆದರೆ ಏರುವಾಗ ಎದೆ ಬಿಗಿದು ನಿಂತಾಗ ಸಡಿಲವಾದರೆ ಮರುದಿನವೇ ವೈದ್ಯರನ್ನು ಕಾಣಬೇಕು.

2022ರ ಫೆಬ್ರುವರಿಯಲ್ಲಿ ಬೆಂಗಳೂರಿನ 62 ವರ್ಷದ ಮಹಿಳೆಯೊಬ್ಬರು ಕೇರಳದ ಅಗಸ್ತ್ಯಕೂಡಂ ಏರಿದರು, 1,868 ಮೀಟರ್, ಕಡಿದಾದ ಬಂಡೆಯಲ್ಲಿ ಹಗ್ಗ ಹಿಡಿದು. ಮದುವೆಯಾಗಿ ನಲವತ್ತು ವರ್ಷ ಸಂಸಾರದ ಜವಾಬ್ದಾರಿಯಲ್ಲಿದ್ದವರು ಅವರು. ಆ ವಿಡಿಯೊ ನಮ್ಮವರ ಫೋನುಗಳಲ್ಲೆಲ್ಲ ಓಡಾಡಿತು. ನೋಡಿದವರು "ಅದು ದೇವರು ಕೊಟ್ಟ ಮೈ" ಎಂದು ಮುಂದಿನವರಿಗೆ ಕಳಿಸಿ ಸುಮ್ಮನಾದರು. ಅದೇ ಫೋನಿಗೆ ಬಂದ ಹೆಸರಿಲ್ಲದ ಎಣ್ಣೆಯ ಜಾಹೀರಾತನ್ನು ಮಾತ್ರ ಅಕ್ಷರ ಬಿಡದೆ ನಂಬಿದರು. ಶನಿವಾರ ಬೆನ್ನು ಬಾಗಿದ ಅಜ್ಜಿಯರು ಬರಿಗಾಲಲ್ಲಿ ಅಂಜನಾದ್ರಿ ಏರುವುದನ್ನು ಕಣ್ಣಾರೆ ಕಂಡೂ ನಂಬುವುದಿಲ್ಲ. ಹಂಪಿಯ ಬಂಡೆಗಳನ್ನು ಜ್ವಾಲಾಮುಖಿ ಎಸೆಯಿತು ಎಂದು ಯಾರೋ ಹೇಳಿದ್ದನ್ನು ಇವತ್ತಿಗೂ ನಂಬುತ್ತಾರೆ. ನೆಲದಾಳದಲ್ಲಿ ತಣಿದ ಗ್ರಾನೈಟು ಬಿರುಕುಗುಂಟ ಶಿಥಿಲಗೊಂಡು ಇದ್ದಲ್ಲೇ ದುಂಡಾಯಿತು ಎಂಬುದನ್ನು ಆ ಬಂಡೆಗಳ ಮುಂದೆ ನಿಂತೇ ತಿಳಿಯಬಹುದು. ಕಣ್ಣೆದುರಿನದಕ್ಕಿಂತ ಕಿವಿಗೆ ಬಿದ್ದದ್ದು ನಮಗೆ ಹೆಚ್ಚು.

ಎರಡು ನಿಮಿಷದಲ್ಲಿ ರೋಗಿಯನ್ನು ನೋಡಿ "ಇನ್ನು ಮೆಟ್ಟಿಲು ಹತ್ತಬೇಡಿ" ಎಂದು ಚೀಟಿ ಬರೆದು ಕಳಿಸುವ ವೈದ್ಯರದೂ ಇದರಲ್ಲಿ ಪಾಲಿದೆ. ಊತ, ಕಾಲು ಸಿಕ್ಕಿಹಾಕಿಕೊಳ್ಳುವುದು, ರಾತ್ರಿಯ ನೋವು ಇದ್ದವರಿಗೆ ತಪಾಸಣೆ ಬೇಕೇ ಬೇಕು, ಕೆಲವರಿಗೆ ಶಸ್ತ್ರಚಿಕಿತ್ಸೆಯೂ ಬೇಕು. ಉಳಿದವರು ಎದ್ದು ಬರುವ ಮೊದಲು ಕೇಳಲಿ: ಹತ್ತಬೇಡಿ ಎಂದಿರಿ, ಸರಿ, ಎಷ್ಟು ದಿನ? ಅಷ್ಟರೊಳಗೆ ತೊಡೆಗೆ ಯಾವ ವ್ಯಾಯಾಮ, ದಿನಕ್ಕೆಷ್ಟು ಸಲ, ಯಾರ ಹತ್ತಿರ ಕಲಿಯಬೇಕು?