ಮಣ್ಣಿನ ಮೈ, ದೇವರ ಉಸಿರು

ಉಬ್ಬಸದ ರೋಗಿಯಿರುವ ಮನೆಯವರಿಗೆ ಉಸಿರಿನ ಬೆಲೆಯನ್ನು ಬೇರೆ ತಿಳಿಸಿಕೊಡಬೇಕಾಗಿಲ್ಲ. ನಮ್ಮ ದೊಡ್ಡಮ್ಮನವರು ಬಹುಕಾಲ ಪ್ರತಿ ಸಾಯಂಕಾಲವೂ ಮನೆಮಂದಿಯನ್ನೆಲ್ಲ ಕೂಡಿಸಿ ಪ್ರಾರ್ಥನೆ ನಡೆಸಿದವರು. ಒಂದು ಚಳಿಗಾಲದಲ್ಲಿ ದಮ್ಮು ಹೆಚ್ಚಿ, ದಿಂಬಿಗೊರಗಿ ಕುಳಿತೇ ರಾತ್ರಿಗಳನ್ನು ಕಳೆಯುವಂತಾಯಿತು. ನಾವು ನೋಡಲು ಹೋದಾಗ ಔಷಧದ ಸೀಸೆ ತುಂಬಿದಂತೆಯೇ ಇದ್ದಿತು. “ಪ್ರಾರ್ಥನೆಗೆ ಬೇಕಾದಷ್ಟು ಉಸಿರು ನನ್ನಲ್ಲಿಲ್ಲಪ್ಪಾ. ಈ ಮೈ ನನಗೂ ದೇವರಿಗೂ ನಡುವೆ ಗೋಡೆಯಾಗಿ ನಿಂತಿದೆ. ಬೀಳುವ ಗೋಡೆಗೆ ಔಷಧವೇಕೆ?” ಎಂದರು. ನಮಗೆ ತಕ್ಷಣ ಉತ್ತರ ತೋಚಲಿಲ್ಲ. ಮೈಯು ಗೋಡೆಯೆಂಬ ಮಾತನ್ನು ಭಕ್ತರ ಬಾಯಿಂದ ಎಷ್ಟೋ ಸಾರಿ ಕೇಳಿದ್ದೇವೆ. ಆದರೆ ಕ್ರೈಸ್ತರ ಧರ್ಮಗ್ರಂಥವು ಅದನ್ನು ಒಪ್ಪುವುದೇ ಎಂದು ನಾವು ವಿಚಾರಿಸಿದ್ದು ಅಂದಿನಿಂದ.

ಸತ್ಯವೇದದ ಮೊದಲ ಪುಸ್ತಕವಾದ ಆದಿಕಾಂಡದ ಎರಡನೆಯ ಅಧ್ಯಾಯದಲ್ಲಿ ಮನುಷ್ಯಸೃಷ್ಟಿಯ ವೃತ್ತಾಂತವುಂಟು. ದೇವರು ನೆಲದ ಮಣ್ಣಿನಿಂದ ಮನುಷ್ಯನನ್ನು ರೂಪಿಸಿ, ಅವನ ಮೂಗಿನೊಳಗೆ ಜೀವದ ಉಸಿರನ್ನು ಊದುತ್ತಾನೆ. ಆಗ ಆ ಮಣ್ಣು ಬದುಕುವ ಜೀವಿಯಾಗುತ್ತದೆ. ಆತ್ಮವೆಂಬ ಹಕ್ಕಿಯನ್ನು ದೇಹವೆಂಬ ಪಂಜರದಲ್ಲಿ ಕೂಡಿಟ್ಟ ಕಥೆ ಇದಲ್ಲ. ಮಣ್ಣೂ ಉಸಿರೂ ಕೂಡಿ ಆದವನೇ ಮನುಷ್ಯನು. ‘ಆತ್ಮ’ ಎಂದು ಹಲವೆಡೆ ಅನುವಾದವಾಗಿರುವ ‘ನೆಫೆಷ್’ ಎಂಬ ಹೀಬ್ರೂ ಮಾತಿಗೆ ಗಂಟಲು, ಹಸಿವು, ಪ್ರಾಣ ಎಂಬ ಅರ್ಥಗಳೂ ಇವೆ. ಅದೇ ಗ್ರಂಥದಲ್ಲಿ ಪಶುಗಳಿಗೂ ಅದೇ ಮಾತು ಸಲ್ಲುತ್ತದೆ.

ಹೀಬ್ರೂವಿನ ‘ರೂಆಹ್’, ಗ್ರೀಕಿನ ‘ಪ್ನ್ಯೂಮಾ’ ಎಂಬ ಪದಗಳಾದರೋ ಗಾಳಿಗೂ, ಉಸಿರಿಗೂ, ದೇವರ ಆತ್ಮಕ್ಕೂ ಒಂದೇ. ಕನ್ನಡದಲ್ಲಿ ಮೂರಕ್ಕೂ ಮೂರು ಮಾತು ಬೇಕಾಗುವುದರಿಂದ ಈ ನಂಟು ಓದುಗರ ಕಣ್ಣಿಗೆ ಬೀಳುವುದಿಲ್ಲ. ಆದರೂ ನಮ್ಮ ನುಡಿಯೇನೂ ಬಡದಲ್ಲ. ಪ್ರಾಣವೆಂದರೆ ಉಸಿರೂ ಹೌದು, ಜೀವವೂ ಹೌದು. ‘ಉಸಿರು’ ಎಂಬುದಕ್ಕೆ ‘ನುಡಿ’ ಎಂಬ ಅರ್ಥವೂ ಉಂಟು.

ಕ್ರಿ. ಪೂ. 597ರಲ್ಲಿ ಬಾಬಿಲೋನಿಗೆ ಸೆರೆಯಾಗಿ ಹೋದ ಯೆಹೆಜ್ಕೇಲನೆಂಬ ಪ್ರವಾದಿಯು ಒಣಗಿದ ಎಲುಬುಗಳ ಕಣಿವೆಯನ್ನು ದರ್ಶನದಲ್ಲಿ ಕಂಡನು. ಅಲ್ಲಿಯೂ ಮೊದಲು ಎಲುಬು ಎಲುಬಿಗೆ ಕೂಡಿ, ನರ ಮಾಂಸ ಚರ್ಮಗಳು ಬರುವುವು. ಆಮೇಲೆಯೇ ನಾಲ್ಕು ದಿಕ್ಕಿನ ಗಾಳಿಯಿಂದ ಉಸಿರು ಬರುವುದು. ಮೈ ಬಿಟ್ಟ ಉಸಿರಿನ ಮಾತೇ ಇಲ್ಲ. ಇನ್ನು ಯೋಹಾನನ ಸುವಾರ್ತೆಯ 20ನೆಯ ಅಧ್ಯಾಯದಲ್ಲಿ, ಮರಣವನ್ನು ಗೆದ್ದೆದ್ದ ಯೇಸುವು ಬಾಗಿಲು ಮುಚ್ಚಿಕೊಂಡು ಅಂಜಿ ಕುಳಿತಿದ್ದ ಶಿಷ್ಯರ ಮೇಲೆ ಉಸಿರೂದಿ ಪವಿತ್ರಾತ್ಮವನ್ನು ಕೊಡುತ್ತಾನೆ. ಅಲ್ಲಿ ಬರುವ ಗ್ರೀಕ್ ಕ್ರಿಯಾಪದವು ಹೊಸ ಒಡಂಬಡಿಕೆಯಲ್ಲಿ ಮತ್ತೆಲ್ಲಿಯೂ ಇಲ್ಲ. ಆದಿಕಾಂಡದ ಪ್ರಾಚೀನ ಗ್ರೀಕ್ ಅನುವಾದದಲ್ಲಿ ದೇವರು ಮಣ್ಣಿಗೆ ಉಸಿರೂದಿದ ಕಡೆಯಲ್ಲಿ ಇರುವುದು ಅದೇ ಪದ. ಹಾಗೆ ಊದಿದವನ ಕೈಗಳಲ್ಲಿ ಗಾಯಗಳು ಇನ್ನೂ ಇದ್ದುವು ಎಂಬುದು ನಮಗೆ ಬಹು ದೊಡ್ಡ ಮಾತಾಗಿ ತೋರುವುದು.

ಕ್ರೈಸ್ತರೆಲ್ಲರೂ ಈ ಪಾಠವನ್ನು ನೆನಪಿನಲ್ಲಿಟ್ಟರೆಂದು ಹೇಳಲಾರೆವು. ದೇಹವನ್ನು ಹಳಿದ ಬೋಧಕರು ನಮ್ಮಲ್ಲಿ ಕಡಿಮೆಯಿಲ್ಲ. ಇದೇ ವಿಷಯದಲ್ಲಿ ಹದಿನಾಲ್ಕನೆಯ ಶತಮಾನದಲ್ಲಿ ಒಂದು ದೊಡ್ಡ ವಾದವೇ ನಡೆಯಿತು. ಗ್ರೀಸ್ ದೇಶದ ಆಥೋಸ್ ಬೆಟ್ಟದ ಸನ್ಯಾಸಿಗಳು ತಲೆಬಾಗಿಸಿ ಕುಳಿತು, ಉಸಿರಿನ ಮೇಲೆ ಗಮನವಿಟ್ಟು, ಯೇಸುವಿನ ಹೆಸರು ಹೇಳಿ ಕರುಣೆ ಬೇಡುವ ಒಂದೇ ವಾಕ್ಯದ ಪ್ರಾರ್ಥನೆಯನ್ನು ಮತ್ತೆ ಮತ್ತೆ ಮಾಡುತ್ತಿದ್ದರು. ದಕ್ಷಿಣ ಇಟಲಿಯಿಂದ ಬಂದ ಬಾರ್ಲಾಮನೆಂಬ ಪಂಡಿತನು ಇದನ್ನು ಕಂಡು, ಇವರ ಆತ್ಮವು ಹೊಕ್ಕುಳಿನಲ್ಲಿದೆಯೆಂದು ಗೇಲಿಮಾಡಿದನು. ಮನಸ್ಸು ದೇವರನ್ನು ಕಾಣಬೇಕಾದರೆ ದೇಹವನ್ನು ಬಿಟ್ಟು ಮೇಲೇರಬೇಕಲ್ಲದೆ ಅದರೊಳಗೆ ಇಳಿಯುವುದುಂಟೇ ಎಂಬುದು ಅವನ ವಾದ.

ಆಥೋಸಿನವನೇ ಆದ ಗ್ರೆಗೊರಿ ಪಾಲಮಾಸನು ಇದಕ್ಕೆ ಉತ್ತರ ಬರೆದನು. ಅಪೊಸ್ತಲನಾದ ಪೌಲನು ದೇಹವನ್ನು ಪವಿತ್ರಾತ್ಮನ ಆಲಯವೆಂದು ಕರೆದಿರುವಾಗ, ದೇವರು ವಾಸಿಸಲು ನಾಚದ ಮನೆಯೊಳಗೆ ನಮ್ಮ ಮನಸ್ಸು ಹೋಗಲು ನಾಚಬೇಕೇ ಎಂಬುದು ಅವನ ಉತ್ತರದ ಸಾರ. ಕೆಟ್ಟದ್ದು ದೇಹವಲ್ಲ, ದೇಹದಲ್ಲಿ ಮನೆಮಾಡುವ ಪಾಪ. ಉಸಿರಿನ ಅಭ್ಯಾಸವನ್ನು ಅವನು ಹೊಗಳಿ ಮೇಲೇರಿಸಲೂ ಇಲ್ಲ. ಅದು ಚದರುವ ಮನಸ್ಸನ್ನು ಹಿಡಿದು ನಿಲ್ಲಿಸುವುದಕ್ಕೆ, ಹೆಚ್ಚಾಗಿ ಹೊಸಬರಿಗೆ, ಒಂದು ಸಹಾಯ, ಅಷ್ಟೇ. ಪ್ರಾಣಾಯಾಮವನ್ನು ಬಲ್ಲ ನಮ್ಮ ಓದುಗರು ಎರಡನ್ನೂ ಹೋಲಿಸಿ ನೋಡಬಹುದು. ಆಥೋಸಿನವರಿಗೆ ಮುಖ್ಯವಾದುದು ಉಸಿರಲ್ಲ, ಕರೆಯುವ ಹೆಸರು. ಕೃಪೆಯು ಉಸಿರಿನ ಲೆಕ್ಕಕ್ಕೆ ದೊರೆಯುವುದಲ್ಲವೆಂದು ಅವರು ನಂಬಿದರು. 1341ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ಕೂಡಿದ ಸಭೆಯು ಸನ್ಯಾಸಿಗಳ ಪಕ್ಷವನ್ನು ಹಿಡಿಯಿತು. ಬಾರ್ಲಾಮನು ಇಟಲಿಗೆ ಹಿಂದಿರುಗಿದನು. ಪಾಲಮಾಸನು ಮುಂದೆ ಥೆಸಲೋನಿಕದ ಆರ್ಚ್‌ಬಿಷಪ್ಪನಾದನು.

ಪೌಲನೂ ಕೊರಿಂಥದವರಿಗೆ ಬರೆದ ಪತ್ರದಲ್ಲಿ, ಸತ್ತವರು ಆತ್ಮಿಕ ದೇಹದಿಂದ ಏಳುವರೆನ್ನುತ್ತಾನೆ. ಇದು ಗಾಳಿಯಿಂದಾದ ಮೈಯೆಂದಲ್ಲ, ದೇವರ ಆತ್ಮವೇ ಉಸಿರಾಗಿರುವ ಮೈಯೆಂದು ಬಲ್ಲವರು ಅರ್ಥಮಾಡುವರು.

ಮುಂದಿನ ವಾರ ಹೋದಾಗ ಬೆಟ್ಟದ ಸನ್ಯಾಸಿಗಳ ಕಥೆಯನ್ನು ದೊಡ್ಡಮ್ಮನವರಿಗೆ ಹೇಳಿದೆವು. ಆ ಸನ್ಯಾಸಿಗಳು ಉಸಿರನ್ನು ತಡೆಹಿಡಿಯುತ್ತಿದ್ದುದನ್ನು ಮಾತ್ರ ಬೇಕೆಂದೇ ಬಿಟ್ಟೆವು. ದಮ್ಮಿನವರಿಗೆ ಅದು ಅಪಾಯ. ಒಳಗೆ ಬರುವ ಉಸಿರಿಗೆ ಕರ್ತನ ಹೆಸರು, ಹೊರಗೆ ಹೋಗುವುದಕ್ಕೆ ಕರುಣೆಯ ಬೇಡಿಕೆ, ಅಷ್ಟೇ ಸಾಕೆಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇಷ್ಟಾದರೆ ನನ್ನಿಂದ ಆದೀತು” ಎಂದರು. ಆಮೇಲೆ ಸೊಸೆಯನ್ನು ಕರೆದು, “ಆ ಸೀಸೆ ಇಲ್ಲಿ ತಾ ಅಮ್ಮಾ. ಬಾಡಿಗೆ ಮನೆಯೆಂದುಕೊಂಡಿದ್ದೆ, ಆಲಯವಂತೆ” ಎಂದು ನಕ್ಕರು. ನಗು ಕೆಮ್ಮಿಗೆ ತಿರುಗಿತು.

ಅಂದಿನಿಂದ ಸಾಯಂಕಾಲದ ಪ್ರಾರ್ಥನೆಯು ಅವರ ಮಂಚದ ಬಳಿಯಲ್ಲೇ ನಡೆಯಿತು. ಮಾತು ಕಡಿಮೆ, ಉಬ್ಬಸದ ಸದ್ದೇ ಹೆಚ್ಚು. ಕೊನೆಯ ಆಮೆನ್ ಮಾತ್ರ ಮೊಮ್ಮಗನ ಪಾಲಿಗೆ. ಅಜ್ಜಿಯ ಉಸಿರು ಸಮವಾಗುವವರೆಗೂ ಅವನು ಕಾದಿದ್ದು ಹೇಳುತ್ತಿದ್ದನು.